ಪಕ್ಕದ ಗೇಟಿನ ಬ್ರಷ್

ಹಾಲಿನ ಕಂಪನಿಯ ಹೊಸ ಖರೀದಿ ಅಧಿಕಾರಿ ಫೋನಿನಲ್ಲಿ ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ನೀವು ಕಾರ್ಖಾನೆ ಮುಚ್ಚಿಬಿಟ್ರಿ ಅಂತ ಗೊತ್ತಾಯ್ತು ಮೇಡಂ. ಅದಕ್ಕೇ ಈ ಸಲ ಆರ್ಡರ್ ಕಳಿಸಲಿಲ್ಲ."

ಚಿಕ್ಕಮ್ಮ ಫೋನನ್ನು ಕಿವಿಯಿಂದ ತೆಗೆದು ಒಮ್ಮೆ ದುರುಗುಟ್ಟಿ ನೋಡಿ, ಮತ್ತೆ ಕಿವಿಗೆ ಇಟ್ಟುಕೊಂಡಳು. ಆಫೀಸಿನ ಗಾಜಿನಾಚೆ ಹೆಂಗಸರು ಉದ್ದನೆಯ ಬೆಂಚಿನ ಎರಡೂ ಬದಿ ಕೂತು ಮರದ ಹಲಗೆಯ ತೂತುಗಳಿಗೆ ಬ್ರಷ್ಷಿನ ಎಳೆ ಪೋಣಿಸುತ್ತಿದ್ದರು. ಅದರಾಚೆ ತೂತು ಕೊರೆಯುವ ಯಂತ್ರ ಕಿರ್ರೆನ್ನುತ್ತಿತ್ತು. ಮರದ ಪುಡಿ ಎಲ್ಲರ ತಲೆಯ ಮೇಲೂ ಸಮನಾಗಿ ಕೂತಿತ್ತು. ಮುಚ್ಚಿದ ಕಾರ್ಖಾನೆ ಎಂದರೆ ಹೀಗಿರುವುದಿಲ್ಲ.

"ಮುಚ್ಚಿದ್ರೆ ನಾನ್ಯಾಕೆ ಇಲ್ಲಿ ಕೂತಿರ್ತಿದ್ದೆ? ಯಾರು ಹೇಳಿದ್ದು ನಿಮಗೆ?"

"ಯಾರೂ ಹೇಳಲಿಲ್ಲ. ಎಐಯನ್ನ ಕೇಳಿದೆ. ಬ್ರಷ್ ಮಾಡೋರು ಯಾರ್ಯಾರಿದಾರೆ ಅಂತ. ನಿಮ್ಮದು ನಿಂತುಹೋಗಿದೆ ಅಂತ ಹೇಳ್ತು."

ಹಿಂದಿನ ಖರೀದಿಯವನಾಗಿದ್ದರೆ ಎಐಯನ್ನೂ ಕೇಳುತ್ತಿರಲಿಲ್ಲ, ದೇವರನ್ನೂ ಕೇಳುತ್ತಿರಲಿಲ್ಲ. ನೆಟ್ಟಗೆ ಗಾಡಿ ತಂದು ಗೇಟಿನ ಮುಂದೆ ನಿಲ್ಲಿಸಿ, ಒಂದು ಲೋಟ ನೀರು ಕುಡಿದು, ಬೇಕಾದ್ದನ್ನು ಬರೆಸಿ ಹೋಗುತ್ತಿದ್ದ. ಅವನು ನಿವೃತ್ತನಾಗಿ ಮನೆ ಸೇರಿದ್ದ. ಹೊಸಬನಿಗೆ ಈ ಬೀದಿ ಎಲ್ಲಿದೆಯೆಂದೇ ಗೊತ್ತಿರಲಿಲ್ಲ, ಅದು ಅವನ ತಪ್ಪೂ ಅಲ್ಲ.

ಈ ಬೀದಿಯ ಕಥೆ ಸ್ವಲ್ಪ ಹೇಳಲೇಬೇಕು. ಕೊನೆಯಲ್ಲಿ ಒಂದು ಉದ್ದನೆಯ ಶೆಡ್ಡು, ಅದರ ನಟ್ಟನಡುವೆ ಎಬ್ಬಿಸಿದ ಒಂದು ಗೋಡೆ, ಗೋಡೆಯ ಆಚೀಚೆ ಎರಡು ಗೇಟು. ಒಂದು ದೊಡ್ಡ ಗೇಟು, ಇನ್ನೊಂದು ಚಿಕ್ಕ ಗೇಟು. ಅಳೆದು ನೋಡಿದರೆ ಎರಡೂ ಒಂದೇ ಅಗಲ. ದೊಡ್ಡದರಲ್ಲಿ ಅಣ್ಣ ಇದ್ದಾನೆ, ಚಿಕ್ಕದರಲ್ಲಿ ತಮ್ಮ ಇದ್ದಾನೆ ಎಂಬುದಷ್ಟೇ ಆ ಹೆಸರಿನ ಅರ್ಥ. ಹಾಗೆಯೇ ಅಣ್ಣ ದೊಡ್ಡ ಯಜಮಾನ, ತಮ್ಮ ಚಿಕ್ಕ ಯಜಮಾನ, ಅಣ್ಣನ ಹೆಂಡತಿ ದೊಡ್ಡಮ್ಮ, ತಮ್ಮನ ಹೆಂಡತಿ ಚಿಕ್ಕಮ್ಮ. ಕೆಲಸದವರು ಕರೆದು ಕರೆದು, ಅಂಗಡಿಯವರಿಂದ ಹಿಡಿದು ಅಂಚೆಯವನವರೆಗೆ ಎಲ್ಲರಿಗೂ ಅದೇ ರೂಢಿಯಾಗಿತ್ತು.

ಕಾರ್ಖಾನೆ ಕಟ್ಟಿದ್ದು ಈ ಅಣ್ಣತಮ್ಮಂದಿರ ಅಪ್ಪ. ಆತ ತೀರಿಕೊಂಡ ಮೇಲೆ ಇಬ್ಬರೂ ನ್ಯಾಯವಾಗಿಯೇ ಪಾಲು ಮಾಡಿಕೊಂಡರು. ತಂತಿಯ ನಡುವೆ ಎಳೆ ಸಿಕ್ಕಿಸಿ ತಿರುಚುವ ಯಂತ್ರಗಳು ಅಣ್ಣನಿಗೆ. ಬಾಟಲಿ, ಪೈಪು, ಟ್ಯಾಂಕರ್ ತೊಳೆಯುವ ಪೈಪ್ ಬ್ರಷ್ಷೆಲ್ಲ ಅವನದು. ಮರದ ಕೆಲಸ ತಮ್ಮನಿಗೆ. ನೆಲ, ಮೇಜು, ತೊಟ್ಟಿ ಉಜ್ಜುವ ಕೈ ಬ್ರಷ್ಷೆಲ್ಲ ಇವನದು. ಒಬ್ಬರ ಮಾಲನ್ನು ಇನ್ನೊಬ್ಬರು ಮಾಡಬಾರದು ಎಂದು ಮಾತಾಯಿತು. ಅಪ್ಪನ ಹೆಸರನ್ನು ಮಾತ್ರ ಇಬ್ಬರೂ ಬಿಡಲಿಲ್ಲ. ಒಬ್ಬಳೇ ಮಗಳಿದ್ದ ಅಣ್ಣ ಆ ಹೆಸರಿನ ಮುಂದೆ 'ಅಂಡ್ ಸನ್ಸ್' ಎಂದು ಬರೆಸಿದ. ತಮ್ಮ 'ಬ್ರದರ್ಸ್' ಎಂದು ಬರೆಸಿದ. ಬೋರ್ಡಿನ ಬಣ್ಣ ಒಣಗಿ ವರ್ಷ ಕಳೆಯುವಷ್ಟರಲ್ಲಿ ಸನ್ಸಿಗೂ ಬ್ರದರ್ಸಿಗೂ ಮಾತು ನಿಂತುಹೋಯಿತು.

ಕಾರಣ ಆಸ್ತಿಯಲ್ಲ, ಹೆಂಗಸರಂತೂ ಅಲ್ಲ. ಒಬ್ಬ ಗಿರಾಕಿಯ ಮುಂದೆ ಅಣ್ಣ, "ಕೈ ಬ್ರಷ್ ಪಕ್ಕದಲ್ಲಿ ನಮ್ಮ ತಮ್ಮ ಮಾಡ್ತಾನೆ, ಆದ್ರೆ ಎಳೆ ಉದುರುತ್ತೆ, ನೋಡ್ಕೊಂಡು ತಗೊಳ್ಳಿ," ಎಂದುಬಿಟ್ಟ. ಆ ಪುಣ್ಯಾತ್ಮ ಗಿರಾಕಿ ನೇರವಾಗಿ ಚಿಕ್ಕ ಗೇಟಿಗೆ ಬಂದು ಅದನ್ನು ಒಂದಕ್ಷರ ಬಿಡದೆ ಒಪ್ಪಿಸಿದ. ಚಿಕ್ಕ ಯಜಮಾನನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೀದಿಯಲ್ಲಿ ನಿಂತು, ಇನ್ನು ಮುಂದೆ ನನ್ನ ಬಾಯಿಂದ ಒಬ್ಬನೇ ಒಬ್ಬ ಗಿರಾಕಿ ಆ ಗೇಟಿಗೆ ಹೋಗುವುದಿಲ್ಲ ಎಂದು ಶಪಥ ಮಾಡಿದ. ಅಣ್ಣನಾದವನು ಸುಮ್ಮನಿರಬಹುದಿತ್ತು. ಅವನೂ ಅದೇ ಶಪಥವನ್ನು ಇನ್ನೂ ಗಟ್ಟಿಯಾಗಿ ಮಾಡಿದ.

ಅಂದಿನಿಂದ ಅದೇ ಪದ್ಧತಿ. ಚಿಕ್ಕ ಗೇಟಿನಲ್ಲಿ ಯಾರಾದರೂ ಪೈಪ್ ಬ್ರಷ್ ಕೇಳಿದರೆ "ಇಲ್ಲಿ ಮಾಡಲ್ಲ" ಅನ್ನಬೇಕು. ಅಷ್ಟೇ. ಪಕ್ಕದಲ್ಲಿ ಸಿಗುತ್ತದೆ ಎಂದು ಬಾಯಿ ತಪ್ಪಿಯೂ ಅನ್ನುವಂತಿಲ್ಲ. ದೊಡ್ಡ ಗೇಟಿನಲ್ಲಿ ಕೈ ಬ್ರಷ್ ಕೇಳಿದರೂ ಅದೇ ಉತ್ತರ. ಕಾವಲಿನವನಿಂದ ಹಿಡಿದು ಎಳೆ ಪೋಣಿಸುವವರವರೆಗೆ ಎಲ್ಲರೂ ಈ ಪಾಠ ಕಲಿತಿದ್ದರು. ಹಳೆಯ ಗಿರಾಕಿಗಳು ಒಳಗೊಳಗೇ ನಕ್ಕು ತಾವಾಗಿಯೇ ಪಕ್ಕದ ಗೇಟಿಗೆ ಹೋಗುತ್ತಿದ್ದರು. ಹೊಸಬರು ಪೆಚ್ಚುಮೋರೆ ಹಾಕಿಕೊಂಡು ವಾಪಸಾಗುತ್ತಿದ್ದರು.

ಈಗ ಹಳೆಯ ಗಿರಾಕಿಗಳು ಒಬ್ಬೊಬ್ಬರಾಗಿ ಕಡಿಮೆಯಾಗಿದ್ದರು. ಉಳಿದದ್ದರಲ್ಲಿ ದೊಡ್ಡದು ಈ ಹಾಲಿನ ಕಂಪನಿ. ಅದೂ ಕೈಬಿಟ್ಟರೆ ಎಳೆ ಪೋಣಿಸುವ ವಿಭಾಗವನ್ನು ಮುಚ್ಚಿ, ಆ ಜಾಗವನ್ನು ಕೊರಿಯರ್ ಕಂಪನಿಯ ಗೋದಾಮಿಗೆ ಬಾಡಿಗೆ ಕೊಡುವುದು ಎಂದು ಚಿಕ್ಕ ಯಜಮಾನ ಹೇಳಿಯಾಗಿತ್ತು. ಕೊರಿಯರಿನವರು ಬಂದು ಟೇಪು ಹಿಡಿದು ಅಳೆದುಕೊಂಡೂ ಹೋಗಿದ್ದರು. ತಿಂಗಳ ಕೊನೆಗೆ ಉತ್ತರ ಬೇಕೆಂದಿದ್ದರು.

ಚಿಕ್ಕಮ್ಮನ ಜೀವ ಇದ್ದದ್ದೇ ಆ ವಿಭಾಗದಲ್ಲಿ. ಆ ಹೆಂಗಸರನ್ನು ಸುತ್ತಲಿನ ಬೀದಿಗಳಿಂದ ಒಬ್ಬೊಬ್ಬರನ್ನಾಗಿ ಕರೆತಂದವಳು ಅವಳು. ಗಂಡನ ಕೆಲಸ ಹೋದವಳು, ಗಂಡನೇ ಹೋದವಳು, ಮಕ್ಕಳು ಶಾಲೆಗೆ ಹೋದ ಮೇಲೆ ಮನೆಯಲ್ಲಿ ಕೂತು ಬೇಸತ್ತವಳು, ಹೀಗೆ. ಬೆರಳು ಚುಚ್ಚಿಕೊಂಡು ಅತ್ತವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದಳು. ಅವರ ಮುಂದೆ ನಿಂತು 'ನಾಳೆಯಿಂದ ಬರಬೇಡಿ' ಅನ್ನುವುದು ಅವಳಿಂದಾಗುವ ಕೆಲಸವಾಗಿರಲಿಲ್ಲ.

ಆ ಫೋನ್ ಬಂದ ಮಾರನೆಯ ದಿನ ಅವಳು ಕ್ಯಾಲೆಂಡರಿನವನನ್ನು ಕರೆಸಿದಳು. ಈತ ಬಹಳ ವರ್ಷ ಎರಡೂ ಗೇಟಿನವರಿಗೆ ಗೋಡೆ ಕ್ಯಾಲೆಂಡರ್ ಅಚ್ಚು ಹಾಕಿಕೊಟ್ಟವನು. ಎರಡರಲ್ಲೂ ಅಪ್ಪನದು ಒಂದೇ ಫೋಟೊ. ಒಂದೇ ಥರ ಆಗಬಾರದೆಂದು ಇಬ್ಬರೂ ಹಟ ಹಿಡಿದಾಗ, ಒಂದರಲ್ಲಿ ಅಪ್ಪನ ಕೋಟಿಗೆ ಕಂದು ಬಣ್ಣ, ಇನ್ನೊಂದರಲ್ಲಿ ನೀಲಿ ಬಣ್ಣ ಹಾಕಿ ಪಾರಾದ ಬುದ್ಧಿವಂತ. ಗೋಡೆಗೆ ಕ್ಯಾಲೆಂಡರ್ ತೂಗುಹಾಕುವವರು ಇಲ್ಲವಾದಾಗ ಆತ ಅಚ್ಚಿನ ಯಂತ್ರ ಮಾರಿ ಕಂಪನಿಗಳಿಗೆ ವೆಬ್‌ಸೈಟ್ ಮಾಡತೊಡಗಿದ. ಈಗ ಕಂಪನಿಗಳನ್ನು ಎಐ ಕಣ್ಣಿಗೆ ಬೀಳಿಸುವ ಕೆಲಸ ಹಿಡಿದಿದ್ದ. ಜನ ಮಾತ್ರ ಅವನನ್ನು ಇನ್ನೂ ಕ್ಯಾಲೆಂಡರಿನವನೆಂದೇ ಕರೆಯುತ್ತಿದ್ದರು.

ಆತ ಫೋನಿನಲ್ಲಿ ಪ್ರಶ್ನೆ ಕೇಳಿ, ಬಂದ ಉತ್ತರವನ್ನು ಚಿಕ್ಕಮ್ಮನಿಗೆ ಓದಿ ಹೇಳಿದ. "ಈ ಸಂಸ್ಥೆ ಹಿಂದೆ ಬ್ರಷ್ ತಯಾರಿಕೆಗೆ ಹೆಸರಾಗಿತ್ತು. ಈಗ ತಯಾರಿಕೆ ನಿಲ್ಲಿಸಿರುವಂತೆ ಕಾಣುತ್ತದೆ. ಕೈ ಬ್ರಷ್ ಕೇಳಿದರೂ ಮಾಡುವುದಿಲ್ಲ, ಪೈಪ್ ಬ್ರಷ್ ಕೇಳಿದರೂ ಮಾಡುವುದಿಲ್ಲ ಎಂಬ ಉತ್ತರ ಸಿಕ್ಕಿದ್ದಾಗಿ ಹಲವು ಗ್ರಾಹಕರು ಬರೆದಿದ್ದಾರೆ."

"ಕೈ ಬ್ರಷ್ ಮಾಡಲ್ಲ ಅಂತ ನಾವು ಯಾವಾಗ ಅಂದ್ವಿ?"

"ನೀವು ಅನ್ಲಿಲ್ಲಮ್ಮ. ಪಕ್ಕದವರು ಅಂದ್ರು. ಆದ್ರೆ ಅದರ ಲೆಕ್ಕದಲ್ಲಿ ನೀವಿಬ್ರೂ ಒಬ್ರೇ. ಹೆಸರು ಒಂದು, ಬೀದಿ ಒಂದು, ಫೋಟೊದಲ್ಲಿರೋ ಅಪ್ಪ ಒಬ್ಬ. ಈ ಗೇಟಲ್ಲಿ ನೀವು ಪೈಪ್ ಬ್ರಷ್ ಮಾಡಲ್ಲ ಅಂತೀರಿ. ಆ ಗೇಟಲ್ಲಿ ಅವರು ಕೈ ಬ್ರಷ್ ಮಾಡಲ್ಲ ಅಂತಾರೆ. ವಾಪಸ್ ಹೋದ ಜನ ಬೇಜಾರಲ್ಲಿ ಇಂಟರ್ನೆಟ್ಟಲ್ಲಿ ಒಂದು ಸ್ಟಾರ್ ಕೊಟ್ಟು, ಮಾಡಲ್ಲ ಅಂದ್ರು ಅಂತ ಬರೀತಾರೆ. ಎರಡನ್ನೂ ಸೇರಿಸಿ ಓದಿದ್ರೆ ಏನು ಅನ್ಸುತ್ತೆ, ನೀವೇ ಹೇಳಿ."

ಇಬ್ಬರು ಗಂಡಸರು ಇಷ್ಟು ವರ್ಷ ಶ್ರದ್ಧೆಯಿಂದ, ಒಂದು ದಿನವೂ ತಪ್ಪದೆ, ತಮ್ಮ ಕಾರ್ಖಾನೆ ಏನೂ ಮಾಡುವುದಿಲ್ಲ ಎಂದು ಲೋಕಕ್ಕೆ ಸಾರಿದ್ದರು. ಲೋಕ ಈಗ ನಂಬಿತ್ತು.

ಇದನ್ನು ಕೇಳಿ ಚಿಕ್ಕ ಯಜಮಾನ, "ಹಾಗಾದ್ರೆ ಅವನು ಹೆಸರು ಬದಲಾಯಿಸ್ಲಿ," ಎಂದ. ಕ್ಯಾಲೆಂಡರಿನವನು ಗೋಡೆಯಾಚೆ ಹೋಗಿ ಕೇಳಿದ. ದೊಡ್ಡ ಯಜಮಾನನೂ ತಮ್ಮನ ಮಾತನ್ನೇ ಹೇಳಿದ. ಅಷ್ಟಕ್ಕೆ ಬಿಟ್ಟಿದ್ದರೂ ಆಗುತ್ತಿತ್ತು. 'ಪಕ್ಕದ ಗೇಟಿನವರಿಗೂ ನಮಗೂ ಯಾವ ಸಂಬಂಧವೂ ಇಲ್ಲ. ಗ್ರಾಹಕರು ಮೋಸಹೋಗಬಾರದು' ಎಂದು ವೆಬ್‌ಸೈಟಿನಲ್ಲಿ ದಪ್ಪ ಅಕ್ಷರದಲ್ಲಿ ಹಾಕುವಂತೆ ತಮ್ಮ ಹಟ ಹಿಡಿದ. ಅದನ್ನು ನೋಡಿದ ಅಣ್ಣ ಅದೇ ಮಾತನ್ನು ಕೆಂಪು ಅಕ್ಷರದಲ್ಲಿ ಹಾಕಿಸಿದ. ಬೇಡ, ಹೀಗೆ ಮಾಡಿದರೆ ಇನ್ನಷ್ಟು ಗಂಟು ಬೀಳುತ್ತದೆ ಎಂದು ಕ್ಯಾಲೆಂಡರಿನವನು ಇಬ್ಬರಿಗೂ ಬಡಕೊಂಡ. ಯಾರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಕೆಲವು ದಿನ ಬಿಟ್ಟು ಚಿಕ್ಕಮ್ಮ ತಾನೇ ಕೇಳಿ ನೋಡಿದಳು. ಈ ಸಲ ಉತ್ತರ ಸ್ವಲ್ಪ ಉದ್ದವಾಗಿತ್ತು. ತಯಾರಿಕೆ ನಿಂತಂತಿದೆ ಎಂಬುದರ ಜೊತೆಗೆ, 'ಈ ಸಂಸ್ಥೆಯೊಳಗೆ ಕುಟುಂಬ ವಿವಾದ ಇರುವಂತೆ ಕಾಣುತ್ತದೆ. ಖರೀದಿಗೆ ಮುನ್ನ ವಿಚಾರಿಸುವುದು ಒಳ್ಳೆಯದು' ಎಂಬ ಬುದ್ಧಿವಾದವೂ ಸೇರಿತ್ತು. ಅದರ ಕೆಳಗೆ ದೂರದ ಯಾವುದೋ ಪ್ಲಾಸ್ಟಿಕ್ ಬ್ರಷ್ ಕಂಪನಿಯ ಹೆಸರಿತ್ತು.

ಅವಳು ಫೋನನ್ನು ಗಂಡನ ಊಟದ ತಟ್ಟೆಯ ಪಕ್ಕ ಇಟ್ಟಳು. "ಓದಿ. ಇಷ್ಟು ದಿನ ನಮ್ಮ ಮನೆ ಜಗಳ ಬೀದಿಗೆ ಮಾತ್ರ ಗೊತ್ತಿತ್ತು."

ಅವನು ಓದಿ, ಮುಖ ಗಂಟಿಕ್ಕಿಕೊಂಡು, ಅನ್ನ ಕಲಸಿದ. ಮರುದಿನ ಕೊರಿಯರಿನವರಿಗೆ ಫೋನ್ ಮಾಡಿ, ಬಾಡಿಗೆಯ ಮಾತು ಮುಂದುವರಿಸೋಣ ಎಂದ. ಜಗಳ ಬಿಡುವುದಕ್ಕಿಂತ ಅವನಿಗೆ ಶೆಡ್ಡು ಬಿಡುವುದು ಸುಲಭವಾಗಿ ಕಂಡಿತ್ತು.

ಶಪಥ ಮಾಡಿದ್ದು ಗಂಡಸರು. ಹೆಂಗಸರು ಯಾರೂ ಮಾಡಿರಲಿಲ್ಲ. ಶೆಡ್ಡಿನ ಹಿಂದಿದ್ದ ಎರಡು ಮನೆಗಳ ತಾರಸಿಗಳ ನಡುವೆ ಇದ್ದದ್ದು ಸೊಂಟದ ಎತ್ತರದ ಗೋಡೆ. ಓರಗಿತ್ತಿಯರಿಬ್ಬರೂ ಬಟ್ಟೆ ಒಣಹಾಕುವ ನೆಪದಲ್ಲಿ ದಿನಾ ಅಲ್ಲಿ ಮಾತಾಡುತ್ತಿದ್ದರು. ಗಂಡಂದಿರಿಗೆ ಗೊತ್ತಿತ್ತೋ ಇಲ್ಲವೋ. ಗೊತ್ತಿದ್ದರೂ ಗೊತ್ತಿಲ್ಲದಂತೆ ಇರುವುದರಲ್ಲಿ ಇಬ್ಬರೂ ಪಳಗಿದವರು.

ಚಿಕ್ಕಮ್ಮ ಬಕೆಟ್ಟು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು. ದೊಡ್ಡಮ್ಮ ದಿಂಬಿನ ಚೀಲವನ್ನು ಜಾಡಿಸುತ್ತ ಕೇಳಿಸಿಕೊಂಡಳು. ಅವಳದು ಮಾತು ಕಡಿಮೆ, ಆಡಿದರೆ ಕುಟುಕುವಂಥದ್ದು.

"ನಮ್ಮಲ್ಲೂ ಅಷ್ಟೇ. ಒಂದು ಯಂತ್ರ ಓಡುತ್ತೆ, ಉಳಿದವಕ್ಕೆ ಬಟ್ಟೆ ಹೊದಿಸಿದಾರೆ. ನಿಮ್ಮ ಭಾವ ಬೆಳಿಗ್ಗೆ ಬಂದು ಆ ಬಟ್ಟೆ ತೆಗೆದು ಧೂಳು ಒರೆಸ್ತಾರೆ, ಸಾಯಂಕಾಲ ಮತ್ತೆ ಹೊದಿಸ್ತಾರೆ. ಮಕ್ಕಳನ್ನ ಮಲಗಿಸಿದ ಹಾಗೆ."

"ಅಕ್ಕ, ನಾವೇ ಬರೆದು ಹಾಕಿಬಿಡೋಣ."

"ಏನಂತ?"

"ಇವರಿಬ್ರೂ ಅಣ್ಣತಮ್ಮಂದಿರು ಅಂತ. ಅಣ್ಣ ಪೈಪ್ ಬ್ರಷ್ ಮಾಡ್ತಾರೆ, ತಮ್ಮ ಕೈ ಬ್ರಷ್ ಮಾಡ್ತಾರೆ. ತಾವು ಮಾಡದ್ದನ್ನ ಯಾರಾದ್ರೂ ಕೇಳಿದ್ರೆ ಒಬ್ಬರು ಇನ್ನೊಬ್ಬರ ಹತ್ರ ಕಳಿಸಿಕೊಡ್ತಾರೆ. ಇಷ್ಟೇ. ಎರಡೂ ಕಡೆ ಒಂದೇ ಮಾತು."

ದೊಡ್ಡಮ್ಮ ದಿಂಬಿನ ಚೀಲವನ್ನು ತಂತಿಗೆ ಹಾಕಿ ಕ್ಲಿಪ್ಪು ಸಿಕ್ಕಿಸಿದಳು. "ಕಡೇ ಮಾತು ಸುಳ್ಳಲ್ವಾ?"

"ಸುಳ್ಳೇ."

"ಹಾಕು. ಈ ಮನೆಗಳಲ್ಲಿ ನಿಜ ಹೇಳಿ ಏನು ಉದ್ಧಾರ ಆಗಿದೀವಿ."

ಕ್ಯಾಲೆಂಡರಿನವನು ಮಾತ್ರ ತಲೆ ಕೆರೆದುಕೊಂಡ. ಬರೆಯುವುದೇನೋ ಬರೆಯುತ್ತೇನೆ, ದಪ್ಪ ಅಕ್ಷರ, ಕೆಂಪು ಅಕ್ಷರ ಎಲ್ಲ ತೆಗೆದೂ ಹಾಕುತ್ತೇನೆ ಎಂದ. ಇಂಟರ್ನೆಟ್ಟಿನ ನಕ್ಷೆಯಲ್ಲಿ ಹೆಸರು, ಗೇಟು, ಫೋನ್ ನಂಬರು ಎಲ್ಲ ಇಬ್ಬರಿಗೂ ಬೇರೆ ಬೇರೆಯಾಗಿ ಸರಿಪಡಿಸುತ್ತೇನೆ ಎಂದ.

"ಆದ್ರೆ ಒಂದು ಮಾತು ಅಮ್ಮ. ಇದು ಕ್ಯಾಲೆಂಡರ್ ಅಲ್ಲ. ಅದರಲ್ಲಿ ನಾನು ಏನು ಅಚ್ಚು ಹಾಕಿದ್ರೂ ಗೋಡೆ ಸುಮ್ಮನಿರ್ತಿತ್ತು. ಇದು ನೀವು ಬರೆದದ್ದನ್ನೂ ಓದುತ್ತೆ, ಗೇಟಿಗೆ ಬಂದು ಹೋದವರು ಬರೆದದ್ದನ್ನೂ ಓದುತ್ತೆ. ನಾಳೆ ಒಬ್ಬ ಬಂದು, 'ಕಳಿಸಿಕೊಡಲಿಲ್ಲ, ಮಾಡಲ್ಲ ಅಂತ ಮುಖ ತಿರುಗಿಸಿದ್ರು' ಅಂತ ಬರೆದ್ರೆ ಮತ್ತೆ ಎಲ್ಲ ನೆಲ ಕಚ್ಚುತ್ತೆ. ನಾನು ಮಾತು ಹಾಕಬಲ್ಲೆ. ಗೇಟಲ್ಲಿ ಹಾಗೇ ನಡಕೊಳ್ಳೋರು ಅವರೇ ಆಗಬೇಕು."

"ನೀನು ಹಾಕು. ಗೇಟಿನ ವಿಷಯ ನನಗಿರಲಿ," ಎಂದಳು ಚಿಕ್ಕಮ್ಮ. ಹಾಗೆಂದಳೇ ಹೊರತು, ಗೇಟಿನ ವಿಷಯದಲ್ಲಿ ಏನು ಮಾಡಬೇಕೆಂದು ಅವಳಿಗೂ ಹೊಳೆದಿರಲಿಲ್ಲ.

ಉತ್ತರ ಬದಲಾಗಲು ಸ್ವಲ್ಪ ಸಮಯ ಹಿಡಿಯಿತು. ಚಿಕ್ಕಮ್ಮ ದಿನಕ್ಕೆ ನಾಲ್ಕು ಸಲ ಕೇಳಿ ನೋಡುತ್ತಿದ್ದಳು. ಹೆರಿಗೆ ಕೋಣೆಯ ಹೊರಗೆ ಕೂತವರ ಹಾಗಿತ್ತು ಅವಳ ಚಡಪಡಿಕೆ. ಒಂದು ದಿನ ಕುಟುಂಬ ವಿವಾದ ಮಾಯವಾಗಿತ್ತು. ಇನ್ನೊಂದು ದಿನ ಒಂದು ಸಂಸ್ಥೆ ಎರಡಾಗಿತ್ತು. ಆಮೇಲೆ ಒಂದು ಬೆಳಿಗ್ಗೆ, ಓರಗಿತ್ತಿಯರು ತಾರಸಿಯಲ್ಲಿ ಕಟ್ಟಿದ ಮಾತು ಒಂದು ಚೂರು ಮುಕ್ಕಾಗದೆ ಫೋನಿನಲ್ಲಿ ಬಂತು. ಅವಳು ತಕ್ಷಣ ಹಾಲಿನ ಕಂಪನಿಗೆ ಫೋನ್ ಮಾಡಿ, ಇನ್ನೊಮ್ಮೆ ಕೇಳಿ ನೋಡಿ ಎಂದಳು.

ಖರೀದಿಯವನು ಆ ಕಡೆ ಏನೋ ಒತ್ತಿ ಓದಿಕೊಂಡ. "ಹೌದು, ಈಗ ಬೇರೆ ಹೇಳ್ತಿದೆ. ನನಗೆ ಎರಡೂ ಥರ ಬೇಕು ಮೇಡಂ. ಒಂದೇ ಕಡೆ ಮಾತಾಡಿ ಮುಗಿಯೋ ಹಾಗಿದ್ರೆ ನಿಮ್ಮಲ್ಲೇ ತಗೋತೀನಿ. ಬೇರೆ ಬೇರೆ ಕಡೆ ಅಲೆಯೋಕೆ ನನ್ನಿಂದಾಗಲ್ಲ. ನಾಳೆ ಬಂದು ನೋಡ್ತೀನಿ."

ಮರುದಿನ ಬೆಳಿಗ್ಗೆ ಗಂಡ ಶೂ ಲೇಸು ಕಟ್ಟಿಕೊಳ್ಳುತ್ತಿದ್ದಾಗ ಚಿಕ್ಕಮ್ಮ ಎದುರಿಗೆ ಕುರ್ಚಿ ಎಳೆದುಕೊಂಡು ಕೂತಳು. ಸುತ್ತಿ ಬಳಸಿ ಹೇಳುವುದು ಅವಳಿಗೆ ಬರುವುದಿಲ್ಲ. ತಾನೂ ದೊಡ್ಡಮ್ಮನೂ ಏನು ಬರೆಸಿದ್ದೇವೆ, ಖರೀದಿಯವನು ಏನು ಓದಿಕೊಂಡಿದ್ದಾನೆ, ಯಾಕೆ ಬರುತ್ತಿದ್ದಾನೆ, ಎಲ್ಲವನ್ನೂ ಹೇಳಿದಳು.

ಅವನ ಕಿವಿ ಕೆಂಪಾಯಿತು. "ನನ್ನ ಕೇಳದೆ?"

"ಕೇಳಿದ್ರೆ ಬೇಡ ಅಂತಿದ್ರಿ."

"ನಾನು ಅವನ ಹತ್ರ ಗಿರಾಕಿ ಕಳಿಸ್ತೀನಿ ಅಂತ ಬರೆಸಿದೀಯಾ? ನಾನು?"

"ಬರೆಸಿದೀನಿ. ಖರೀದಿಯವನು ಕೇಳಿದಾಗ ನಿಮಗೆ ಏನು ಬೇಕೋ ಅದನ್ನೇ ಹೇಳಿ. ಸುಳ್ಳು ಅಂದ್ರೂ ಸರಿ. ಆದ್ರೆ ಹಾಗಂದ್ರೆ, ಎಳೆ ಪೋಣಿಸೋರಿಗೆ ಕೆಲಸ ಇಲ್ಲ ಅಂತ ಹೇಳೋದೂ ನೀವೇ. ನಾನು ಹೇಳಲ್ಲ. ಒಬ್ಬೊಬ್ಬರ ಮುಖ ನೋಡಿಕೊಂಡು ನೀವೇ ಹೇಳಬೇಕು."

ಅವನು ಇನ್ನೊಂದು ಶೂವನ್ನು ಲೇಸು ಕಟ್ಟದೆಯೇ ಮೆಟ್ಟಿಕೊಂಡು ಹೊರಟುಹೋದ.

ಖರೀದಿಯವನು ಮಧ್ಯಾಹ್ನದ ಹೊತ್ತಿಗೆ ಬಂದ. ತೆಳ್ಳಗಿನ ಮನುಷ್ಯ. ಪ್ರತಿಯೊಂದನ್ನೂ ಕೈಗೆತ್ತಿಕೊಂಡು ನೋಡುವ ಅಭ್ಯಾಸ ಅವನಿಗಿತ್ತು. ಚಿಕ್ಕಮ್ಮನಿಗೆ ಅದು ಹಿಡಿಸಿತು. ತೊಟ್ಟಿ ಉಜ್ಜುವ ಬ್ರಷ್ಷಿನ ಎಳೆಗಳನ್ನು ಹೆಬ್ಬೆರಳಿನಿಂದ ಹಿಂದಕ್ಕೆ ಬಗ್ಗಿಸಿ ಬಿಟ್ಟ. ಒಂದೂ ಕಿತ್ತುಬರಲಿಲ್ಲ. ಹಾಗೆ ಮಾಡಿ ನೋಡುವಾಗ ಚಿಕ್ಕ ಯಜಮಾನ ಉಸಿರು ಬಿಗಿಹಿಡಿದಿದ್ದನ್ನು ಅವಳು ಗಮನಿಸಿದಳು. ಯಾವ ಕಾಲದಲ್ಲೋ ಅಣ್ಣ ಆಡಿದ ಮಾತು ಇವನಿಗೆ ಇನ್ನೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು.

"ಇದು ಚೆನ್ನಾಗಿದೆ," ಎಂದ ಖರೀದಿಯವನು. "ಟ್ಯಾಂಕರ್ ಪೈಪಿಗೆ ಹಾಕೋ ಬ್ರಷ್ ತೋರಿಸಿ."

"ಇಲ್ಲಿ ಮಾಡಲ್ಲ," ಎಂದ ಚಿಕ್ಕ ಯಜಮಾನ.

ಬೇಕೆಂದು ಅಂದದ್ದಲ್ಲ. ಅಷ್ಟು ವರ್ಷದ ಅಭ್ಯಾಸಬಲ, ನಾಲಗೆ ತಾನಾಗಿ ಹೊರಳಿತು. ಬೆಂಚಿನ ಮೇಲೆ ಎಳೆ ಪೋಣಿಸುವ ಕೈಗಳು ನಿಂತವು. ಹೆಂಗಸರಿಗೆ ಯಾರೂ ಏನೂ ಹೇಳಿರಲಿಲ್ಲ. ಆದರೆ ಕೊರಿಯರಿನವರು ಟೇಪು ಹಿಡಿದು ಅಳೆದಾಗ ಅವರ ಕಾಲ ಕೆಳಗಿನ ನೆಲವನ್ನೇ ಅಳೆದಿದ್ದರು. ಅವರಿಗೇನು ಕಣ್ಣಿಲ್ಲವೇ.

ಖರೀದಿಯವನು ಫೋನು ತೆಗೆದ. "ನೀವು ಮಾಡದ್ದನ್ನ ನಿಮ್ಮಣ್ಣ ಮಾಡ್ತಾರೆ, ನೀವೇ ಅವರ ಹತ್ರ ಕಳಿಸಿಕೊಡ್ತೀರಿ ಅಂತ ಇದರಲ್ಲಿದೆ." ಅವನು ತಲೆಯೆತ್ತಿ ನೋಡಿದ. "ಹೌದಾ?"

ಚಿಕ್ಕ ಯಜಮಾನ ಅವನ ಫೋನನ್ನು ನೋಡಿದ. ಹೆಂಡತಿಯ ಕಡೆ ನೋಡಲಿಲ್ಲ. ಬೆಂಚಿನ ಕಡೆ ನೋಡಿದ. ಅಲ್ಲಿ ಒಬ್ಬಳು ತಲೆ ತಗ್ಗಿಸಿ, ಎಳೆಯೇ ಇಲ್ಲದ ಸೂಜಿಯನ್ನು ತೂತಿನಲ್ಲಿ ಆಡಿಸುತ್ತಿದ್ದಳು.

"ಹೌದು," ಎಂದ.

ಗೋಡೆಯ ಕಡೆ ಕೈ ತೋರಿಸಿ, "ಪಕ್ಕದ ಗೇಟು," ಎಂದ.

ಚಿಕ್ಕಮ್ಮ ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. ಖರೀದಿಯವನಿಗೆ ಇದ್ಯಾವುದರ ಪರಿವೆಯೂ ಇರಲಿಲ್ಲ. ಥ್ಯಾಂಕ್ಸ್ ಎಂದು ಬಾಗಿಲವರೆಗೆ ಹೋದ. ಆಗ ಚಿಕ್ಕ ಯಜಮಾನ ಹಿಂದಿನಿಂದ ಕೂಗಿದ.

"ಸಣ್ಣ ತಂತಿದೇ ಬೇಕು ಅನ್ನಿ. ಸುಮ್ಮನಿದ್ರೆ ದಪ್ಪ ತಂತಿದು ಕೊಡ್ತಾನೆ. ಪೈಪಿನ ಬಾಗಿನ ಹತ್ರ ಅದು ಗೀರುತ್ತೆ. ಅವನ ಕೈ ಯಾವತ್ತೂ ಸ್ವಲ್ಪ ಭಾರ."

ಚಿಕ್ಕಮ್ಮ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಗೋಡೆಯಾಚೆಗೆ ಕಳಿಸಿದ ಮೊದಲ ಗಿರಾಕಿ, ಅವನ ಕೈಯಲ್ಲೂ ಒಂದು ಕೊಂಕು. ಮೊದಲ ಸಲ ಮಾತು ಮುರಿದದ್ದೂ ಹೀಗೆಯೇ. ಅವಳು ಗಂಡನನ್ನು ಸುಟ್ಟುಬಿಡುವಂತೆ ನೋಡಿದಳು. ಅವನು ಕೊರೆಯುವ ಯಂತ್ರದ ಪಟ್ಟಿಯನ್ನು, ಸರಿಯಾಗಿದ್ದದ್ದನ್ನೇ, ಸರಿಮಾಡತೊಡಗಿದ.

ಖರೀದಿಯವನು ಹೋದಷ್ಟೇ ಬೇಗ ವಾಪಸ್ ಬಂದ. ಮುಖದಲ್ಲಿ ಸ್ವಲ್ಪ ಗಾಬರಿ ಇತ್ತು.

"ನಿಮ್ಮಣ್ಣ ಕೇಳಿದ್ರು, ಸಣ್ಣ ತಂತಿ ಮುರಿದು ಹಾಲಿಗೆ ಬಿದ್ರೆ ಅವನು ಬಂದು ಆರಿಸ್ತಾನಾ ಅಂತ. ಹಾಗೇ ಹೇಳಿ ಅಂದ್ರು."

ಬೆಂಚಿನ ಕಡೆಯಿಂದ ಯಾರೋ ಕಿಸಕ್ಕೆಂದರು. ಚಿಕ್ಕ ಯಜಮಾನ ಪಟ್ಟಿಯನ್ನು ಬಿಟ್ಟು ಎದ್ದು ನಿಂತ. "ಮುರಿಯೋದು ತಿರುಚೋಕೆ ಬರದೋರ ಕೈಲಿ. ಅಪ್ಪ ಇದ್ದಾಗ ಸಣ್ಣ ತಂತಿದೇ ಮಾಡ್ತಿದ್ವಿ, ಒಂದು ಮುರಿದಿದ್ಯಾ ಕೇಳಿ. ಎರಡು ಸುತ್ತು ಜಾಸ್ತಿ ಕೊಡಬೇಕು, ಅಷ್ಟೇ. ಸೋಮಾರಿತನ."

"ಸರ್," ಎಂದ ಖರೀದಿಯವನು ಸಮಾಧಾನವಾಗಿ, "ನನಗೆ ಕೈ ಬ್ರಷ್ ಒಪ್ಪಿಗೆ. ಇದರ ಆರ್ಡರ್ ಕಳಿಸ್ತೀನಿ. ಆದ್ರೆ ಆ ತಂತಿ ವಿಷಯ ನನಗೆ ಅರ್ಥ ಆಗಲ್ಲ. ನಾನು ಎಷ್ಟು ಸಲ ಅಂತ ಓಡಾಡ್ಲಿ? ನೀವೇ ಬಂದು ಒಂದ್ಸಲ ಹೇಳಿಬಿಡಿ."

ಚಿಕ್ಕ ಯಜಮಾನ ಆಗ ಹೆಂಡತಿಯ ಕಡೆ ನೋಡಿದ. ಬೇಡ ಅನ್ನು, ತಡೆ ಎನ್ನುವಂತಿತ್ತು ಆ ನೋಟ. ಅವಳು ತಡೆಯಲಿಲ್ಲ. ಅವನು ಕೈಯ ಮರದ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ಖರೀದಿಯವನ ಹಿಂದೆ, ತನ್ನ ಗೇಟು ದಾಟಿ ಬೀದಿಗೆ ಇಳಿದ. ಎಡಕ್ಕೆ, ದೊಡ್ಡ ಗೇಟಿನ ಕಡೆ ತಿರುಗಿದ.

ಬೆಂಚಿನವರೆಲ್ಲ ಗೋಡೆಯ ಕಡೆ ಕಿವಿಯಾಗಿದ್ದರು. ಆಮೇಲೆ ಗೋಡೆಯಾಚೆಯಿಂದ ಎರಡು ದನಿ ಒಟ್ಟಿಗೇ ಬಂದವು. ಒಂದು ಸಣ್ಣ ತಂತಿಯೆಂದಿತು, ಇನ್ನೊಂದು ದಪ್ಪ ತಂತಿಯೆಂದಿತು. ಯಾವುದು ಅಣ್ಣನದು, ಯಾವುದು ತಮ್ಮನದು ಎಂದು ಬಿಡಿಸಲಾಗದಷ್ಟು ಒಂದೇ ಥರ ಇದ್ದವು ಎರಡೂ. ನಡುವೆ ದೊಡ್ಡಮ್ಮನ ದನಿ, "ಮೊದಲು ಕೂತ್ಕೊಳ್ಳಿ ಇಬ್ರೂ," ಎಂದಿತು. ಕುರ್ಚಿಗಳನ್ನು ಎಳೆದ ಸದ್ದಾಯಿತು. ಒಂದು ಯಂತ್ರ ಗರ್ರೆಂದು ಶುರುವಾಯಿತು. ತಂತಿ ತಿರುಚಿ ತೋರಿಸುತ್ತಿರಬೇಕು.

ಚಿಕ್ಕಮ್ಮನಿಗೆ ಮೊದಲು ಎದೆ ಹಗುರಾಯಿತು. ಆರ್ಡರ್ ಬಂತು, ಇವರು ಉಳಿದರು, ಗೋದಾಮಿನ ಮಾತು ಮುಗಿಯಿತು. ಆಮೇಲೆ, ಅವಳೇ ಎಣಿಸದ ಹಾಗೆ, ಸ್ವಲ್ಪ ಸ್ವಲ್ಪವಾಗಿ ಸಿಟ್ಟು ಬರತೊಡಗಿತು.

ಅವಳ ಅತ್ತೆ, ಈ ಅಣ್ಣತಮ್ಮಂದಿರ ತಾಯಿ, ಸಾಯುವ ಮುಂಚೆ ಬಹಳ ದಿನ ಹಾಸಿಗೆ ಹಿಡಿದಿದ್ದರು. ಬೇರೆ ಏನನ್ನೂ ಕೇಳಲಿಲ್ಲ ಆಕೆ. ಔಷಧ ಬೇಡ ಅಂದರು, ಊಟ ಬೇಡ ಅಂದರು. ಇಬ್ಬರೂ ಒಂದು ಸಲ ಒಟ್ಟಿಗೆ ಬಂದು ನನ್ನ ಮುಂದೆ ಕೂತುಕೊಳ್ಳಿ ಎಂದು ಮಾತ್ರ ಕೇಳಿದರು. ಅಣ್ಣ ಬೆಳಿಗ್ಗೆ ಬರುತ್ತಿದ್ದ, ತಮ್ಮ ಸಂಜೆ ಬರುತ್ತಿದ್ದ. ನಾಳೆ ಬರುತ್ತಾರೆ ಅತ್ತೆ, ನಾಳೆ ಒಟ್ಟಿಗೆ ಬರುತ್ತಾರೆ ಎಂದು ಚಿಕ್ಕಮ್ಮ ದಿನಾ ಹೇಳುತ್ತಿದ್ದಳು. ಆಕೆ ನಂಬುತ್ತಿದ್ದರು. ನಂಬಿಕೊಂಡೇ ಹೋದರು. ಹೆತ್ತವಳು ಕೇಳಿದ್ದಕ್ಕೆ ಏಳದ ಆಸಾಮಿ ಇವತ್ತು ಹಾಲಿನ ಕಂಪನಿಯವನ ಫೋನು ಕೇಳಿದ್ದಕ್ಕೆ ಎದ್ದು ಹೋಗಿದ್ದ.

ಬೆಂಚಿನಿಂದ ಒಬ್ಬಳು, "ಯಾಕೆ ಚಿಕ್ಕಮ್ಮ, ಅಳ್ತಿದೀರಾ? ಆರ್ಡರ್ ಬಂತಲ್ವಾ?" ಎಂದಳು.

"ಬಂತು," ಎಂದಳು ಚಿಕ್ಕಮ್ಮ. ಕಣ್ಣಿಗೆ ಮರದ ಪುಡಿ ಬಿದ್ದಿದೆ ಎಂದು ಹೇಳಬಹುದಿತ್ತು, ಹೇಳಲಿಲ್ಲ. "ನಮ್ಮತ್ತೆ ನೆನಪಾದ್ರು."

ಗೋಡೆಯಾಚೆ ಅಣ್ಣತಮ್ಮಂದಿರು ಇನ್ನೂ ತಂತಿಯ ವಿಷಯದಲ್ಲೇ ಇದ್ದರು. ಸ್ವಲ್ಪ ಹೊತ್ತಿಗೆ ಹೆಂಗಸರು ಒಬ್ಬೊಬ್ಬರಾಗಿ ಸೂಜಿ ಎತ್ತಿಕೊಂಡು ಕೆಲಸ ಶುರುಮಾಡಿದರು.